ಬಸ್ಸಿನ ಪಾಟಾಕ್ಕೆ ರಿಜಿಸ್ಟರ್ ಇದೆ, ನನ್ನ ಬೆನ್ನಿನ ತಂತಿಗೇಕಿಲ್ಲ?

ವಿಜಯಪುರ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಇಂಡಿ ತಾಲ್ಲೂಕಿನ ಮತದಾರನೊಬ್ಬನ ನಮಸ್ಕಾರಗಳು.

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಚಡಚಣ, ಸಿಂದಗಿ ರಸ್ತೆಗಳು ನನ್ನ ಸೊಂಟಕ್ಕೆ ಏನು ಮಾಡಿದವೆಂದು ಬರೆಯಹೋದರೆ ಅದೇ ಬೇರೆ ಪತ್ರವಾದೀತು. ಎರಡು ಸಲ ಬೆನ್ನಿನ ಆಪರೇಷನ್ ಆದರೂ ಎಡಗಾಲಿನ ಉರಿ ಹೋಗಲಿಲ್ಲ. ಕೊನೆಗೆ ಹೊಲದ ಒಂದು ತುಂಡು ಮಾರಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆನ್ನುಹುರಿಯ ಸ್ಟಿಮ್ಯುಲೇಟರ್ ಹಾಕಿಸಿಕೊಂಡೆ. ಸೊಂಟದ ಕೆಳಗೆ ಚರ್ಮದಡಿ ಬ್ಯಾಟರಿಯ ಪುಟ್ಟ ಪೆಟ್ಟಿಗೆ. ಅಲ್ಲಿಂದ ಶ್ಯಾವಿಗೆಯಂಥ ತಂತಿ ಬೆನ್ನುಹುರಿಯ ಪಕ್ಕಕ್ಕೆ. ಅದು ಬಿಡುವ ಸಣ್ಣ ಕರೆಂಟು ನೋವಿನ ಸುದ್ದಿ ಮಿದುಳಿಗೆ ಮುಟ್ಟುವಲ್ಲಿ ಅಡ್ಡ ಬರುತ್ತದೆ. ‘ಡ್ರೈವರ್ ಮಾಮಾ ಈಗ ಚಾರ್ಜಿನ ಮ್ಯಾಲೆ ನಡೀತಾನ’ ಎಂದು ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹನ್ನೊಂದು ತಿಂಗಳು.

ಒಂದು ಮುಂಜಾನೆ ಎಮ್ಮೆಗೆ ನೀರಿಡಲು ಬಗ್ಗಿದೆ. ಚುರ್ ಎಂದಿತು, ಆಮೇಲೆ ಏನೂ ಇಲ್ಲ. ಸಂಜೆಯೊಳಗೆ ಕಾಲಿನ ಉರಿ ವಾಪಸ್. ಆ ಯಂತ್ರವನ್ನು ಪರೀಕ್ಷಿಸುವ ಸಾಧನ ನಮ್ಮ ಕಡೆ ನನಗೆಲ್ಲೂ ಸಿಗಲಿಲ್ಲ. ಐನೂರು ಕಿಲೋಮೀಟರ್‌ಗೂ ಹೆಚ್ಚು ದೂರ ರಾತ್ರಿಯಿಡೀ ಮಗ್ಗುಲು ಬದಲಿಸುತ್ತ ಬೆಂಗಳೂರಿಗೆ ಹೋದೆ. ಕಂಪನಿಯ ಹುಡುಗ ಟ್ಯಾಬ್ ಹಿಡಿದು ನೋಡಿ ‘ಸರ್ಕ್ಯೂಟ್ ಓಪನ್ ಆಗಿದೆ’ ಎಂದ. ಪೆಟ್ಟಿಗೆ ಸರಿಯಿತ್ತು, ಬ್ಯಾಟರಿ ತುಂಬಿತ್ತು, ತಂತಿ ತುಂಡಾಗಿತ್ತು. ನನಗದು ಹೊಸದೇನಲ್ಲ ಸಾಹೇಬರೇ. ಬಸ್ಸಿನಲ್ಲೂ ವೈರು ಕಡಿಯುವುದು ಬಾಗಿಲ ಕೀಲಿನ ಹತ್ತಿರವೇ, ದಿನಾ ನೂರು ಸಲ ಬಾಗುವಲ್ಲಿ. ಮುರಿಯುವುದಕ್ಕಿಂತ ತಂತಿ ಜಾಗ ಬಿಟ್ಟು ಜಾರುವುದೇ ಹೆಚ್ಚಂತೆ, ಡಾಕ್ಟರು ಹೇಳಿದರು. ತುಂಡು ಒಳಗೇ ಉಳಿದರೆ ಎಂಆರ್‌ಐ ಮಾಡುವಾಗ ಬಿಸಿಯಾಗಬಹುದು ಎಂದೂ ಎಚ್ಚರಿಸಿದರು.

ಗ್ಯಾರಂಟಿಯಲ್ಲಿ ಹೊಸ ತಂತಿ ಪುಕ್ಕಟೆ ಸಿಕ್ಕಿತು. ಕೊಯ್ದು ಹಾಕುವ ಖರ್ಚು ನನ್ನದೇ. ಅದೂ ಹೋಗಲಿ. ಹಳೇ ತಂತಿ ಎಲ್ಲಿ ಎಂದು ಕೇಳಿದೆ. ‘ಎಸೆದ್ವಿ’ ಎಂದರು.

ನಮ್ಮ ಡಿಪೋದಲ್ಲಿ ಕಮಾನ್ ಪಾಟಾ, ಅಂದರೆ ಬಸ್ಸಿನ ಭಾರ ಹೊರುವ ಸ್ಪ್ರಿಂಗ್ ಪಟ್ಟಿ, ಮುರಿದರೆ ಬಸ್ಸಿನ ನಂಬರು, ಓಡಿದ ಕಿಲೋಮೀಟರು, ಕಾರಣ ಎಲ್ಲ ಬರೆಯಬೇಕಿತ್ತು. ಹಳೆಯದನ್ನು ಸ್ಟೋರಿಗೆ ಒಪ್ಪಿಸದೆ ಹೊಸದು ಕೊಡುತ್ತಿರಲಿಲ್ಲ. ಒಂದೇ ಲಾಟಿನ ಪಾಟಾ ಮೂರು ಬಸ್ಸಿನಲ್ಲಿ ಮುರಿದದ್ದು ಫೋರ್‌ಮನ್ನನಿಗೆ ಗೊತ್ತಾದದ್ದು ಆ ಪುಸ್ತಕದಿಂದ. ನನ್ನ ಲಾಟಿನ ತಂತಿ ಇನ್ನೆಷ್ಟು ಬೆನ್ನಲ್ಲಿ ತುಂಡಾಗಿದೆ?

ಬರೆಯುವ ವ್ಯವಸ್ಥೆ ಇಲ್ಲವೆಂದಲ್ಲ. ದೇಹದೊಳಗಿಡುವಂಥವೂ ಸೇರಿ ವೈದ್ಯಕೀಯ ಉಪಕರಣಗಳಿಂದಾಗುವ ತೊಂದರೆ ದಾಖಲಿಸಲೆಂದೇ ಕೇಂದ್ರ ಸರ್ಕಾರ 2015ರಲ್ಲಿ ‘ಮೆಟೀರಿಯೋವಿಜಿಲೆನ್ಸ್’ ಕಾರ್ಯಕ್ರಮ ತಂದಿದೆ. ಔಷಧಗಳ ಗುಣಮಟ್ಟ ಗೊತ್ತುಮಾಡುವ ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗದಿಂದ ನಡೆಯುತ್ತದೆ. ರೋಗಿಯೂ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು. ನನಗಿದನ್ನು ಹೇಳಿದ್ದು ಆಸ್ಪತ್ರೆಯಲ್ಲ, ಡಿಸ್ಚಾರ್ಜ್ ಕಾಗದವಲ್ಲ, ಮೊಬೈಲು ತಡಕಾಡಿದ ನನ್ನ ಮೊಮ್ಮಗಳು. ಅಮೆರಿಕದಲ್ಲಿ 2008ರಿಂದ 2018ರೊಳಗೆ ಇಂಥ ಬೆನ್ನಿನ ಯಂತ್ರಗಳ ಬಗ್ಗೆ 80,000ಕ್ಕೂ ಹೆಚ್ಚು ದೂರುಗಳು ದಾಖಲಾಗಿದ್ದವು. ಎಲ್ಲವೂ ಯಂತ್ರದ ತಪ್ಪೇ ಆಗಿರಲಿಕ್ಕಿಲ್ಲ. ಬರೆದಿಟ್ಟಿದ್ದರು, ಹಾಗಾಗಿ ಎಣಿಸಲು ಬಂತು. ಇಲ್ಲಿ? 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆದ ದೋಷಪೂರಿತ ಕೃತಕ ಸೊಂಟದ ಕೀಲಿನ ವಿಚಾರಣೆಗೆ ನಮ್ಮಲ್ಲಿ ಸಮಿತಿ ಕೂತದ್ದು 2017ರಲ್ಲಿ. ಅಷ್ಟರಲ್ಲಿ ಹಲವು ರೋಗಿಗಳ ಪತ್ತೆಯೇ ಸಿಗದಾಗಿತ್ತು.

ರಸ್ತೆ, ಗಟಾರು ಕೇಳಲು ಬಂದಿಲ್ಲ. ಲೋಕಸಭೆಯಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ: ದೇಶದಲ್ಲಿ ನರಕ್ಕೆ ಕರೆಂಟು ಕೊಡುವ ಇಂಥ ಯಂತ್ರ ಎಷ್ಟು ಜನರ ಮೈಯಲ್ಲಿವೆ, ಮುರಿದವೆಂದು ಎಷ್ಟನ್ನು ಹೊರತೆಗೆಯಲಾಗಿದೆ? ಮುರಿದದ್ದನ್ನು ತೆಗೆದ ಆಸ್ಪತ್ರೆಯೇ ವರದಿ ಬರೆಯುವುದು ಕಡ್ಡಾಯವಾಗಲಿ, ಬರೆಯುವ ಮೊದಲು ತುಂಡನ್ನು ಎಸೆಯದಿರಲಿ. ಸೀರಿಯಲ್ ನಂಬರಿನ ಕಾರ್ಡು ಕನ್ನಡದಲ್ಲಿದ್ದರೆ ನನ್ನಂಥವರೂ ಓದಿಕೊಂಡೇವು.

ಈ ಸಲ ಹೊಸ ತಂತಿಯ ನಂಬರಿನ ಸ್ಟಿಕ್ಕರನ್ನು ಕಾಡಿ ಬೇಡಿ ಇಸಿದುಕೊಂಡು ಬಂದಿದ್ದೇನೆ. ಹಳೇ ಲಾಗ್‌ಶೀಟ್ ಪುಸ್ತಕದ ಕೊನೇ ಹಾಳೆಯಲ್ಲಿ ಅಂಟಿಸಿದ್ದೇನೆ. ತಾವು ಇಂಡಿಗೆ ಬಂದಾಗ ತಂದು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬಸ್ ಚಾಲಕ