ಕೈ ಎತ್ತದೆ ಕೂತವಳಿಗೆ

ಕುಮಟಾ

ಪ್ರೀತಿಯ ಕೂಸೇ,

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ಪಿಎಂಪಿ ಅಂತ, ಯೋಜನೆಗಳನ್ನು ನಡೆಸುವವರ ಪರೀಕ್ಷೆಗೆ ತರಗತಿಗೆ ಹೋಗುತ್ತಿರುವುದನ್ನು ಓದಿದೆ. ಮನೆ ಸುದ್ದಿಯೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ಒಂದು ಸಾಲು ಮಾತ್ರ ನನಗೆ ರಾತ್ರಿ ನಿದ್ದೆ ಕೊಡಲಿಲ್ಲ. "ಹನ್ನೊಂದು ವರ್ಷದಿಂದ ಮಾಡಿದ ಕೆಲಸವೇ ಪ್ರಶ್ನೆಯಾಗಿ ಬಂದರೂ ತಪ್ಪುತ್ತದೆ. ಕೇಳಿದರೆ, ಇವಳಿಗೆ ಇಷ್ಟೂ ಗೊತ್ತಿಲ್ಲವಾ ಅಂದಾರು ಅಂತ ಸುಮ್ಮನೆ ಕೂತಿರುತ್ತೇನೆ."

ಹಾಗೆ ಕೂತವನು ನಾನೂ ಹೌದು. ನಿನ್ನ ಆಯಿಗೂ ಇದು ಗೊತ್ತಿಲ್ಲ.

ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿ ಶುರುವಾಯಿತಲ್ಲ, ಅದಕ್ಕೂ ನಾಲ್ಕೈದು ವರ್ಷ ಮೊದಲು ಹೊನ್ನಾವರದ ಕಡೆ ಒಬ್ಬ ಗುತ್ತಿಗೆದಾರರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ನಮಗೆಲ್ಲ ಹತ್ತು ದಿನದ ತರಗತಿ, ಕೊನೆಗೊಂದು ಪರೀಕ್ಷೆ, ಪಾಸಾದರೆ ಬಡ್ತಿ ಅಂದರು. ಕಲಿಸುವವರು ಹಲಗೆ ಮೇಲೆ ವೃತ್ತ, ಬಾಣ ಎಳೆದು 'ಕ್ರಿಟಿಕಲ್ ಪಾತ್', 'ಫ್ಲೋಟ್' ಅಂದರು. ಒಂದೊಂದು ವೃತ್ತದೊಳಗೂ ಎರಡೆರಡು ಸಂಖ್ಯೆ. ಯಾಕೆ ಎರಡು ಅಂತ ಕೇಳಬೇಕಿತ್ತು. ಪಕ್ಕದಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗರು ಕೂತಿದ್ದರು. ಕೈ ಮೇಲೇಳಲಿಲ್ಲ.

ನಪಾಸಾದೆ. ನಿನ್ನ ಅತ್ತೆಗೆ ಎರಡು ತಿಂಗಳು ಹೇಳಲಿಲ್ಲ. ಮತ್ತೆ ಬರೆಯಲೂ ಇಲ್ಲ, ಕೂಸೇ.

ಎಷ್ಟೋ ವರ್ಷದ ಮೇಲೆ ಹೊಳೆಯಿತು. ಮಳೆಗಾಲ ಹಿಡಿಯುವುದರೊಳಗೆ ಗುಡ್ಡ ಕಡಿಯುವ ಕೆಲಸ ಮುಗಿಯದಿದ್ದರೆ ಮಣ್ಣು ಜರಿದು ಮುಂದಿನದೆಲ್ಲ ನಿಲ್ಲುತ್ತಿತ್ತು. ಕ್ರಿಟಿಕಲ್ ಪಾತ್ ಅಂದರೆ ಅದೇ. ಹಳಿಯ ಕೆಳಗೆ ಹಾಕುವ ಸ್ಲೀಪರ್ ಎರಡು ವಾರ ತಡವಾಗಿ ಬಂದರೂ ನಡೆಯುತ್ತಿತ್ತು. ಆ ಎರಡು ವಾರವೇ ಫ್ಲೋಟ್. ಬೇಗ ಅಂದರೆ ಯಾವಾಗ, ತಡ ಅಂದರೆ ಯಾವಾಗ, ಆ ಎರಡು ಸಂಖ್ಯೆ ಅಷ್ಟೇ. ದಿನಾ ಬೆಳಗ್ಗೆ ಆಳುಗಳಿಗೆ ನಾನೇ ಹೇಳುತ್ತಿದ್ದ ಮಾತು ಅದು.

ನಿನ್ನದೂ ಹಾಗೇ ಇದ್ದೀತು. ತೊಂದರೆ ಬಂದ ಕೂಡಲೇ ಮೇಲಿನವರಿಗೆ ಒಪ್ಪಿಸಿಬಿಡುವ ರೂಢಿ ನಿಮ್ಮ ಆಫೀಸಿನಲ್ಲಿದ್ದರೆ ನಿನ್ನ ಕೈ ಆ ಉತ್ತರಕ್ಕೇ ಹೋಗುತ್ತದೆ. ಪಿಎಂಪಿ ಪರೀಕ್ಷೆಯವರು ಸಾಮಾನ್ಯವಾಗಿ ಮೊದಲು ತೊಂದರೆಯ ಬುಡ ನೋಡು, ತಂಡದವರ ಹತ್ತಿರ ಮಾತಾಡು ಅನ್ನುತ್ತಾರೆ. ತಪ್ಪಿದ ಪ್ರಶ್ನೆಯ ಪಕ್ಕ 'ನಮ್ಮಲ್ಲಿ ಹೀಗೆ, ಅವರಲ್ಲಿ ಹೀಗೆ' ಅಂತ ಬರೆದಿಟ್ಟರೆ ಉಪಯೋಗವಾದೀತೇನೋ. ಪರೀಕ್ಷೆ ಬಿಟ್ಟು ಬಂದವನ ಮಾತು, ಬೇಸರ ಮಾಡಿಕೊಳ್ಳಬೇಡ.

180 ಪ್ರಶ್ನೆಗೆ ಸುಮಾರು ನಾಲ್ಕು ತಾಸು ಅಂದಿದ್ದೀಯ. ತಪ್ಪಿಗೆ ಅಂಕ ಕಳೆಯುವುದಿಲ್ಲವಲ್ಲ, ಯಾವುದನ್ನೂ ಖಾಲಿ ಬಿಡಬೇಡ. ನಡುವೆ ಕೊಡುವ ಹತ್ತು ಹತ್ತು ನಿಮಿಷದ ಬಿಡುವಿನಲ್ಲಿ ಎದ್ದು ನೀರು ಕುಡಿ. ಈ ಸಲ ಆಗದಿದ್ದರೆ ವರ್ಷದೊಳಗೆ ಒಟ್ಟು ಮೂರು ಸಲ ಬರೆಯಬಹುದು.

ಆದರೆ ಮತ್ತೆ ಆ ಸಾಲೇ ಕಣ್ಣಿಗೆ ಕಟ್ಟುತ್ತದೆ. ಸಂಬಳದ ದುಡ್ಡು ಕಟ್ಟಿ 35 ತಾಸಿನ ತರಗತಿಗೆ ಹೋಗುತ್ತಿದ್ದೀಯ, ಕಲಿಸುವವರು ಎದುರಿಗೇ ಇದ್ದಾರೆ. ನಾನು ನಾಚಿಕೊಂಡ ಆ ಹುಡುಗರ ಮುಖ ಈಗ ಒಂದೂ ನೆನಪಿಲ್ಲ. ವೃತ್ತದೊಳಗಿನ ಎರಡು ಸಂಖ್ಯೆ ನೆನಪಿದೆ.

ಈ ಶನಿವಾರ ಒಂದೇ ಒಂದು ಪ್ರಶ್ನೆ ಕೇಳು. ಏನು ಕೇಳಿದೆ ಅಂತ ರಾತ್ರಿ ಫೋನ್ ಮಾಡಿ ಹೇಳು. ಎಷ್ಟು ಹೊತ್ತಾದರೂ ಎಚ್ಚರ ಇರುತ್ತೇನೆ.

ನಿನ್ನ ಮಾವ