ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಕೂದಲೆಳೆ

ಪ್ರೀತಿಯ ಪುಟ್ಟ,

ಹರಾಜಿನಲ್ಲಿ ಆ ದುಬಾರಿ ಬೇಸ್‌ಬಾಲ್ ಕಾರ್ಡಿಗೆ ಬಿಡ್ ಹಾಕಲಾ ಅನ್ನೋ ನಿನ್ನ ಮೆಸೇಜು ನೋಡಿದೆ. ಫೋನಿನಲ್ಲಿ ಟೈಪ್ ಮಾಡುತ್ತಾ ಕೂತರೆ ಬೆರಳು ನೋಯುತ್ತೆ, ಅದಕ್ಕೆ ಕಂಪ್ಯೂಟರ್ ಮುಂದೆ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ. ಭಾನುವಾರ ಹರಾಜು ಮುಗಿಯೋದರೊಳಗೆ ಪೂರ್ತಿ ಓದು.

ನೀನು ಕಳಿಸಿದ್ದು ಎರಡು ಫೋಟೋ. ಎರಡೂ ಅದೇ ಕಾರ್ಡು: 1989ರ ಅಪ್ಪರ್ ಡೆಕ್ ಕಂಪನಿಯದ್ದು, ಬೇಸ್‌ಬಾಲ್ ಆಟಗಾರ ಕೆನ್ ಗ್ರಿಫಿ ಜೂನಿಯರ್ ಚಿತ್ರ, ನಂಬರ್ 1. ಒಂದರ ಪ್ಲಾಸ್ಟಿಕ್ ಡಬ್ಬಿಯ ಮೇಲೆ 9 ಅಂತಿದೆ, ಇನ್ನೊಂದರ ಮೇಲೆ 10, ಅಂದರೆ ಕಾರ್ಡು ಎಷ್ಟು ಚೊಕ್ಕವಾಗಿದೆ ಅಂತ ಹತ್ತಕ್ಕೆ ಕೊಟ್ಟ ಅಂಕ. ಹತ್ತರದ್ದಕ್ಕೆ ಕೇಳುತ್ತಿರೋದು ಒಂಬತ್ತರದ್ದರ ಹತ್ತು ಪಟ್ಟು. ನಾನು ದೊಡ್ಡದು ಮಾಡಿ ನೋಡಿದೆ, ಕನ್ನಡಕ ಬದಲಾಯಿಸಿ ನೋಡಿದೆ, ಆಮೇಲೆ ಸಂಖ್ಯೆ ಇರೋ ಜಾಗಕ್ಕೆ ಹೆಬ್ಬೆರಳು ಅಡ್ಡ ಇಟ್ಟು ನಿನ್ನ ಅತ್ತೆಗೆ ತೋರಿಸಿದೆ. ಅವಳು "ಒಂದೇ ಫೋಟೋನ ಎರಡು ಸಲ ಕಳಿಸಿದಾನಲ್ಲ" ಅಂದಳು.

ನಾನು ನ್ಯೂಜೆರ್ಸಿಗೆ ಬಂದಿದ್ದು 1988ರಲ್ಲಿ. ಮಾರನೇ ವರ್ಷವೇ ಅಪ್ಪರ್ ಡೆಕ್ ಕಂಪನಿ ಮೊದಲ ಸಲ ಕಾರ್ಡು ತಂದಿತು. ಇಲ್ಲಿನ ಹುಡುಗರೆಲ್ಲ ಅದರ ಹಿಂದೆ ಬಿದ್ದಿದ್ದರು, ನಿನ್ನ ಭಾವನಿಗೆ ಆಗ ಏಳು ವರ್ಷ, ಅವನೂ ಬಿದ್ದ, ಅವನ ಹಿಂದೆ ನಾನೂ ಬಿದ್ದೆ. ಬೇಸ್‌ಬಾಲ್ ಆಟ ಒಂಚೂರೂ ಅರ್ಥ ಆಗ್ತಿರಲಿಲ್ಲ, ಕಾರ್ಡಿನ ಹಿಂದಿನ ಅಂಕಿ ಓದಿಯೇ ಕಲಿತಿದ್ದು. ಆ ಕಾಲದಲ್ಲಿ ಕಂಪನಿಗಳು ಎಷ್ಟು ಅಚ್ಚು ಹಾಕಿದವು ಅಂದರೆ, ಈಗ ಆ ಕಾಲಕ್ಕೇ 'ಜಂಕ್ ವ್ಯಾಕ್ಸ್' ಅನ್ನೋ ಅಡ್ಡಹೆಸರು ಬಿದ್ದಿದೆ. ಗ್ರಿಫಿ ಕಾರ್ಡೇನೂ ಅಪರೂಪದ್ದಲ್ಲ, ಪುಟ್ಟ. ಕಾರ್ಡಿಗೆ ಗ್ರೇಡು ಕೊಡೋ ಕಂಪನಿಗಳಲ್ಲಿ ಪಿಎಸ್‌ಎ ಒಂದೇ ಇದಕ್ಕೆ 10 ಕೊಟ್ಟಿರೋದು ನಾಲ್ಕು ಸಾವಿರಕ್ಕೂ ಜಾಸ್ತಿ. ಇನ್ನು 9 ಸಿಕ್ಕಿದ್ದು, 8 ಸಿಕ್ಕಿದ್ದು ರಾಶಿ ರಾಶಿ.

ಹಾಗಾದರೆ ಹತ್ತು ಪಟ್ಟು ಯಾಕೆ?

ಗ್ರೇಡು ಕೊಡುವವರು ನೋಡೋದು ನಾಲ್ಕು ವಿಷಯ. ಮೂಲೆ, ಅಂಚು, ಮೇಲ್ಮೈ, ಆಮೇಲೆ ಚಿತ್ರ ಕಾರ್ಡಿನ ಮಧ್ಯಕ್ಕೆ ಸರಿಯಾಗಿ ಕೂತಿದೆಯಾ ಅನ್ನೋದು. ಗ್ರಿಫಿಗೆ ಮೂಲೆಯದ್ದೇ ತೊಂದರೆ. ನಂಬರ್ 1 ಆಗಿದ್ದರಿಂದ ಅಚ್ಚಿನ ದೊಡ್ಡ ಹಾಳೆಯಲ್ಲಿ ಅದರ ಜಾಗವೇ ಮೂಲೆ. ಹಾಳೆ ಎತ್ತುವಾಗ, ಕತ್ತರಿಸುವಾಗ ಮೊದಲ ಏಟು ಅದಕ್ಕೇ. ಇರಲಿ, ಮಧ್ಯದ ಲೆಕ್ಕಕ್ಕೆ ಬರೋಣ, ಅದನ್ನಾದರೂ ಸ್ಕೇಲು ಹಿಡಿದು ಅಳೆಯಬಹುದು. ಎಡ ಬಲ ಎರಡೂ ಬದಿಯ ಬಿಳಿ ಅಂಚು ಸೇರಿ 6 ಮಿಲಿಮೀಟರ್ ಅಂತ ಇಟ್ಕೋ. 60-40 ಅಂದರೆ ಒಂದು ಬದಿ 3.6, ಇನ್ನೊಂದು 2.4. 55-45 ಅಂದರೆ 3.3 ಮತ್ತು 2.7. ಅಂದರೆ ಇವೆರಡರ ನಡುವೆ ಚಿತ್ರ ಜರುಗಿರೋದು 0.3 ಮಿಲಿಮೀಟರ್. ಪ್ರಿಂಟರಿಗೆ ಹಾಕುವ ಕಾಗದ ಮೂರು ಹಾಳೆ ಒಂದರ ಮೇಲೊಂದು ಇಡು, ಅಷ್ಟೇ ದಪ್ಪ. ಅಚ್ಚಿನ ಮನೆಯಲ್ಲಿ ಬ್ಲೇಡು ಅಷ್ಟು ಆಚೀಚೆ ಆಗಿದ್ದಕ್ಕೆ ಮೂವತ್ತೈದು ವರ್ಷದ ಮೇಲೆ ನೀನು ಒಂದು ತಿಂಗಳ ಬಾಡಿಗೆ ಕಟ್ಟುತ್ತೀಯಾ?

ಇನ್ನೂ ಒಂದು ತಮಾಷೆ ಇದೆ. ಪಿಎಸ್‌ಎಯಲ್ಲಿ 10 ಸಿಗಬೇಕಾದರೆ ಮುಂಭಾಗ 60-40 ಒಳಗಿದ್ದರೆ ಸಾಕಿತ್ತು. 2025ರಲ್ಲಿ ಅದನ್ನು 55-45ಕ್ಕೆ ಬಿಗಿ ಮಾಡಿದರು. ಹಳೇ ಡಬ್ಬಿಯೊಳಗಿನ ಕಾರ್ಡುಗಳನ್ನು ಯಾರೂ ವಾಪಸ್ ಕರೆಸಿ ಅಳೆದಿಲ್ಲ. ಹಾಗಾಗಿ ಮಾರುಕಟ್ಟೆಯಲ್ಲಿ ಈಗ ಎರಡು ಅಳತೆಗೋಲಿನ 10 ಓಡಾಡುತ್ತಿದೆ, ಎರಡರ ಮೇಲೂ ಬರೆದಿರೋದು ಅದೇ 10. ನೀನು ಹಿಡಿದು ಕೂತಿರೋದು ಯಾವ ಕಾಲದ್ದು, ನೋಡಿದ್ದೀಯಾ?

ನನ್ನ ಕಥೆಯನ್ನೂ ಕೇಳು, ನಿನ್ನಮ್ಮನಿಗೆ ಹೇಳಬೇಡ. ಮನೆ ಬದಲಾಯಿಸುವಾಗ ನಿನ್ನ ಭಾವನ ಹಳೇ ಪೆಟ್ಟಿಗೆ ಸಿಕ್ಕಿತು, ಅದರಲ್ಲಿ ಗ್ರಿಫಿ ಇತ್ತು. ಒಂದು ಗ್ರೇಡಿಂಗ್ ಕಂಪನಿಗೆ ಕಳಿಸಿದೆ, ಹೆಸರು ಬೇಡ. 9 ಬಂತು. ಸುಮ್ನೆ ಇರಬೇಕಾಗಿತ್ತು. ಆದರೆ 10ರ ಬೆಲೆ ನೋಡಿ ಆಸೆ ಹುಟ್ಟಿತು. ಅಡುಗೆಮನೆ ಮೇಜಿನ ಮೇಲೆ ಟವೆಲ್ ಹಾಸಿ, ಇಕ್ಕಳದಿಂದ ಪ್ಲಾಸ್ಟಿಕ್ ಡಬ್ಬಿಯ ಮೂಲೆ ಚಟ್ ಅಂತ ಮುರಿದು, ಕಾರ್ಡು ಹೊರಗೆ ತೆಗೆದು, ಅದೇ ಕಂಪನಿಗೆ ಮತ್ತೆ ಕಳಿಸಿದೆ. 8 ಬಂತು! ತೆಗೆಯುವಾಗ ನಾನೇ ಮೂಲೆ ತಾಗಿಸಿದೆನೇನೋ ಅಂತ ಎರಡು ದಿನ ನಿದ್ದೆ ಇಲ್ಲ. ಕಳಿಸೋ ಮುಂಚಿನ ಸ್ಕ್ಯಾನು, ಆಮೇಲಿನ ಸ್ಕ್ಯಾನು ಪಕ್ಕಪಕ್ಕ ಇಟ್ಟು ಲೆನ್ಸು ಹಿಡಿದು ನೋಡಿದೆ. ಏನೂ ಬದಲಾಗಿರಲಿಲ್ಲ. ಹಟಕ್ಕೆ ಬಿದ್ದು ಮೂರನೇ ಸಲ ಕಳಿಸಿದೆ, ಮತ್ತೆ 9. ಮೂರು ಸಲದ ಫೀಸು, ಪೋಸ್ಟು, ಇನ್ಶೂರೆನ್ಸು ಎಲ್ಲ ಸೇರಿಸಿದರೆ ಆ ಕಾರ್ಡನ್ನೇ ಇನ್ನೊಂದು ಕೊಳ್ಳಬಹುದಿತ್ತು. ಅವರು ಮೋಸ ಮಾಡಿದರು ಅಂತ ನಾನು ಹೇಳೋದಿಲ್ಲ. ದಿನಕ್ಕೆ ನೂರಾರು ಕಾರ್ಡು ನೋಡೋ ಮನುಷ್ಯ, ಒಂದಕ್ಕೆ ಎಷ್ಟು ಹೊತ್ತು ಕೊಡ್ತಾನೆ? ಬೆಳಿಗ್ಗೆಯ ಕಣ್ಣು ಬೇರೆ, ಸಂಜೆಯ ಕಣ್ಣು ಬೇರೆ. ನನ್ನ ತಕರಾರು ಏನಂದರೆ, ಅದೇ ಕಾರ್ಡು ಅದೇ ಜಾಗದಲ್ಲಿ ಒಂದು ಅಂಕ ಆಚೀಚೆ ಆಗುತ್ತೆ ಅಂದಮೇಲೆ, ಆ ಒಂದು ಅಂಕಕ್ಕೆ ಹತ್ತು ಪಟ್ಟು ಕೊಡೋದು ಯಾವ ಲೆಕ್ಕ?

ಹಾಗಂತ ಗ್ರೇಡೇ ಸುಳ್ಳು ಅಂದುಕೊಳ್ಳಬೇಡ. ನಾವು ತೀರ್ಥಹಳ್ಳಿ ಕಡೆಯವರು, ಅಡಿಕೆ ಆರಿಸಿ ಬೆಳೆದವರು. ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ನಿನ್ನಜ್ಜ ಕೈಯಲ್ಲಿ ಮುಟ್ಟಿಯೇ ಬೇರೆ ಮಾಡುತ್ತಿದ್ದರು, ಮಂಡಿಯಲ್ಲಿ ಒಂದೊಂದಕ್ಕೆ ಒಂದೊಂದು ದರ. ಹಸಕ್ಕೂ ಗೊರಬಲಿಗೂ ವ್ಯತ್ಯಾಸ ಇದೆ, ಬಾಯಿಗೆ ಹಾಕಿದರೆ ಗೊತ್ತಾಗುತ್ತೆ. ಹಳೇ ಕಾರ್ಡುಗಳಲ್ಲೂ ಹಾಗೇ. 1952ರ ಟಾಪ್ಸ್ ಕಂಪನಿಯ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡು 3 ಅಂದರೆ ಮಡಿಕೆ, ಸವೆದ ಮೂಲೆ ಎಲ್ಲ ದೂರದಿಂದಲೇ ಕಾಣುತ್ತೆ. 7 ಅಂದರೆ ಚೊಕ್ಕವಾಗಿರುತ್ತೆ. ಅಲ್ಲಿ ಜಾಸ್ತಿ ಕೊಟ್ಟರೆ ಕಣ್ಣಿಗಾದರೂ ಏನೋ ಸಿಗುತ್ತೆ. ಅದೇ ಮ್ಯಾಂಟಲ್‌ನ ಒಂದು ಪಿಎಸ್‌ಎ 9 ಕಾರ್ಡು 2021ರಲ್ಲಿ 52 ಲಕ್ಷ ಡಾಲರಿಗೆ ಹೋಯಿತು, ಮಾರನೇ ವರ್ಷ ಎಸ್‌ಜಿಸಿ ಅನ್ನೋ ಇನ್ನೊಂದು ಗ್ರೇಡಿಂಗ್ ಕಂಪನಿಯ 9.5ರದ್ದು 1 ಕೋಟಿ 26 ಲಕ್ಷ ಡಾಲರಿಗೆ. ಅರ್ಧ ಅಂಕಕ್ಕೆ ಇಷ್ಟಾ ಅಂತ ನೀನು ಕೇಳಬಹುದು. ನನ್ನ ಪ್ರಕಾರ ಅದು ಬರೀ ಅರ್ಧ ಅಂಕದ ಬೆಲೆ ಅಲ್ಲ. ಆ ಕಾರ್ಡಿಗೊಂದು ಜಾತಕ ಇತ್ತು: 1980ರ ದಶಕದಲ್ಲಿ ಸಿಕ್ಕ ಹಳೇ ಕಾರ್ಡುಗಳ ದೊಡ್ಡ ಗಂಟಿನಿಂದ ಬಂದಿದ್ದು, 1991ರಲ್ಲಿ ಒಬ್ಬರು 50,000 ಡಾಲರಿಗೆ ಕೊಂಡು ಮೂವತ್ತು ವರ್ಷ ಇಟ್ಟುಕೊಂಡಿದ್ದು. ಅವರು ಕೊಂಡಾಗ ಅದರ ಮೇಲೆ 9.5 ಅನ್ನೋ ಚೀಟಿಯೇ ಇರಲಿಲ್ಲ. ಕಾರ್ಡು ನೋಡಿ ಕೊಂಡಿದ್ದರು.

ಚೀಟಿಯನ್ನು ಕಣ್ಣುಮುಚ್ಚಿ ನಂಬಬಾರದು ಅನ್ನೋದಕ್ಕೆ ಹಳೇ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿಗಿಂತ ಇನ್ನೊಂದು ಉದಾಹರಣೆ ಬೇಕಾ? ಪಿಎಸ್‌ಎ ಗ್ರೇಡು ಮಾಡಿದ ಮೊಟ್ಟಮೊದಲ ಕಾರ್ಡು ಅದು. 8 ಕೊಟ್ಟರು. 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. 2013ರಲ್ಲಿ ಬಿಲ್ ಮ್ಯಾಸ್ಟ್ರೋ ಅನ್ನೋ ಹರಾಜುದಾರ ಕೋರ್ಟಿನಲ್ಲಿ ಆ ಕಾರ್ಡಿನ ಅಂಚು ಕತ್ತರಿಸಿದ್ದು ತಾನೇ ಅಂತ ಒಪ್ಪಿಕೊಂಡ. ಅಂಚು ಕತ್ತರಿಸಿದ ಕಾರ್ಡಿಗೆ ನಿಯಮದ ಪ್ರಕಾರ ಅಂಕವೇ ಇಲ್ಲ.

ನಿನ್ನ ಗ್ರಿಫಿಗೆ ವಾಪಸ್ ಬರುತ್ತೇನೆ. 9ಕ್ಕೂ 10ಕ್ಕೂ ಬೆಲೆ ಹೀಗೆ ಹಾರೋದಕ್ಕೆ ಕಾರಣ ಕಾರ್ಡಿನಲ್ಲಿಲ್ಲ, ಕೊಳ್ಳುವವರ ತಲೆಯಲ್ಲಿದೆ. ಪಿಎಸ್‌ಎ 'ಸೆಟ್ ರಿಜಿಸ್ಟ್ರಿ' ಅಂತ ಒಂದು ಪಟ್ಟಿ ಇಟ್ಟಿದೆ, ಯಾರ ಸೆಟ್ಟಿಗೆ ಸರಾಸರಿ ಅಂಕ ಜಾಸ್ತಿ ಅಂತ ಸ್ಪರ್ಧೆ. ಆ ಜನಕ್ಕೆ 10 ಬೇಕೇ ಬೇಕು, 9 ಇದ್ದರೆ ಮರ್ಯಾದೆ ಹೋದಂತೆ. ನೀನು ಆ ಪಟ್ಟಿಯಲ್ಲಿಲ್ಲ. ಅವರ ಜಿದ್ದಿನ ಬಿಲ್ಲು ನೀನ್ಯಾಕೆ ಕಟ್ಟಬೇಕು?

ನಿನ್ನ ಭಾವ ನನ್ನ ಮಾತು ಒಪ್ಪೋದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಅಪ್ಪಾ, ಮಾರುವಾಗ 10 ಮೊದಲು ಹೋಗುತ್ತೆ, 9 ಕೂತಿರುತ್ತೆ" ಅಂತಾನೆ. ನಿಜ ಇರಬಹುದು. ಆದರೆ ಬೀಳುವಾಗಲೂ 10 ಬೀಳೋದು ಮೇಲಿನಿಂದ. 1986ರ ಫ್ಲಿಯರ್ ಕಂಪನಿಯ, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಕಾರ್ಡು, ಪಿಎಸ್‌ಎ 10, 2021ರ ಜನವರಿಯಲ್ಲಿ 7,38,000 ಡಾಲರಿಗೆ ಹೋಯಿತು. ಅದೇ ವರ್ಷ, ಕೆಲವೇ ತಿಂಗಳಲ್ಲಿ ಬೆಲೆ ಅದರ ಅರ್ಧಕ್ಕಿಂತ ಕೆಳಗೆ. ಕಾರ್ಡಿಗೆ ಒಂದು ಗೀರೂ ಬಿದ್ದಿರಲಿಲ್ಲ, ಅಂಕ ಅದೇ 10.

ನೀನು ಕೊಳ್ಳುತ್ತಿರೋದು ಮಾರೋದಕ್ಕಾ, ಇಟ್ಟುಕೊಳ್ಳೋದಕ್ಕಾ? ಇಟ್ಟುಕೊಳ್ಳೋದಕ್ಕೆ ಅಂತ ತಾನೇ ಬರೆದಿದ್ದೀಯ. ಹಾಗಿದ್ದರೆ 9 ತಗೋ. ಆದರೆ ಸಿಕ್ಕಿದ 9 ಅಲ್ಲ, ನಾಲ್ಕಾರು ನೋಡಿ ಆರಿಸು. ಕೆಲವು 9ಗಳಲ್ಲಿ ಚಿತ್ರ ಮಧ್ಯಕ್ಕೆ ಚೆಂದ ಕೂತಿರುತ್ತೆ, ಹಿಂಬದಿಯಲ್ಲೆಲ್ಲೋ ಒಂದು ಚುಕ್ಕೆ ಇರುತ್ತೆ ಅಷ್ಟೇ, ಗೋಡೆಗೆ ನೇತುಹಾಕಿದರೆ ಯಾರಪ್ಪನಿಗೂ ಗೊತ್ತಾಗೋದಿಲ್ಲ. ಮಾರುವವರ ಹತ್ತಿರ ಮುಂದಿನದು, ಹಿಂದಿನದು ಎರಡೂ ಸ್ಕ್ಯಾನು ಕೇಳು. ಕೊಡದವರನ್ನು ಬಿಟ್ಟುಬಿಡು. ಮತ್ತೆ, ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಇಟ್ಟುಕೊಂಡು ಇದಕ್ಕೆ ಕೈ ಹಾಕಿದರೆ ನಾನೇ ನಿನ್ನಮ್ಮನಿಗೆ ಫೋನ್ ಮಾಡುತ್ತೇನೆ, ಇದು ಬೆದರಿಕೆ ಅಂತಲೇ ತಿಳ್ಕೋ.

ಇಷ್ಟು ಹೇಳಿದರೂ 10ರ ಮೇಲೇ ಮನಸ್ಸಿದ್ದರೆ ಭಾನುವಾರ ಬಿಡ್ ಹಾಕಬೇಡ, ನವೆಂಬರ್‌ವರೆಗೆ ತಡ್ಕೋ. ಆ ಕಾರ್ಡೇನೂ ಓಡಿಹೋಗೋದಿಲ್ಲ, ನಾಲ್ಕು ಸಾವಿರ ಇದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಬರ್ತೀಯಲ್ಲ, ಆಗ ನನ್ನ 9 ಇರುತ್ತೆ, ಕಾರ್ಡ್ ಶೋದಲ್ಲಿ ತಂದ 8 ಇರುತ್ತೆ, ಗೆಳೆಯರೊಬ್ಬರ 10 ಕೇಳಿ ತಂದಿಟ್ಟಿರುತ್ತೇನೆ. ಮೂರಕ್ಕೂ ಮೇಲಿನ ಚೀಟಿ ಕಾಣದ ಹಾಗೆ ಟೇಪು ಸುತ್ತಿರುತ್ತೇನೆ. ಯಾವುದು 10 ಅಂತ ನೀನು ಹೇಳಬೇಕು. ಲೆನ್ಸು, ಸ್ಕೇಲು ನಾನೇ ಕೊಡುತ್ತೇನೆ, ಎಷ್ಟು ಹೊತ್ತಾದರೂ ತಗೋ. ಅತ್ತೆಯೂ ಆಟಕ್ಕೆ ಸೇರುತ್ತಾಳಂತೆ, ಲೆನ್ಸು ಬೇಡವಂತೆ.

ಇತಿ,
ನಿನ್ನ ಮಾವ