ಗಾಳಿಮಾಪಕ ಇದ್ದರೆ ಸಾಲದು, ಸರಿಯಾದ ಜಾಗದಲ್ಲಿರಬೇಕು

ಮಾನ್ಯ ಸಂಪಾದಕರೇ,

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಹವಾಮಾನ ಕೇಂದ್ರದ ಅಂಕಿಗಳ ಮೇಲೆ. ಮಳೆ, ಉಷ್ಣತೆ, ತೇವಾಂಶದ ಜೊತೆಗೆ ಗಾಳಿಯ ವೇಗವೂ ಇದರಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಸರಗೋಡಿನಂಥ ತೋಟಗಳ ಜಿಲ್ಲೆಯಲ್ಲಿ ಗಾಳಿಮಾಪಕವನ್ನು ಅಡಿಕೆ ತೋಟದ ಅಂಚಿಗೋ ಯಾವುದೋ ಕಟ್ಟಡದ ತಾರಸಿಗೋ ಸಿಕ್ಕಿಸಿ ಬಿಟ್ಟರೆ ಪೆಟ್ಟು ಬೀಳುವುದು ಕೃಷಿಕನಿಗೆ.

ಹೆಚ್ಚಾಗಿ ಕಾಣುವುದು ಮೂರು ಬಟ್ಟಲಿನ ಮಾಪಕ. ಬಟ್ಟಲಿನ ಒಳಮೈಗೆ ಗಾಳಿ ಕೊಡುವ ತಳ್ಳು ಹೊರಮೈಗಿಂತ ಸುಮಾರು ಮೂರರಿಂದ ನಾಲ್ಕು ಪಟ್ಟು ಹೆಚ್ಚು. ಹಾಗಾಗಿ ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ಒಂದೇ ಕಡೆಗೆ ತಿರುಗುತ್ತದೆ. ದಂಡಕ್ಕೆ ಅಂಟಿಸಿದ ಅಯಸ್ಕಾಂತ ಪ್ರತಿ ಸುತ್ತಿಗೂ ಒಂದು ಸ್ವಿಚ್ಚನ್ನು ಮುಚ್ಚಿ ತೆರೆಯುತ್ತದೆ. ಆ ಮಿಡಿತಗಳನ್ನು ಎಣಿಸಿದರೆ ವೇಗ ಸಿಗುತ್ತದೆ. ಐರ್ಲೆಂಡಿನ ರಾಬಿನ್ಸನ್ 1846ರಲ್ಲಿ ನಾಲ್ಕು ಬಟ್ಟಲಿನಿಂದ ಮಾಡಿದ್ದ ಯಂತ್ರದ ತತ್ವವೂ ಇದೇ. ವಿಮಾನ ನಿಲ್ದಾಣ, ಬಂದರು, ಗಾಳಿಯಂತ್ರ, ಎತ್ತರದ ಕ್ರೇನುಗಳಲ್ಲೆಲ್ಲ ಇದು ಬಳಕೆಯಲ್ಲಿದೆ.

ತೊಂದರೆ ಇರುವುದು ಜಾಗದ್ದು. ವಿಶ್ವ ಹವಾಮಾನ ಸಂಸ್ಥೆಯ ಮಾನದಂಡದಂತೆ ಮಾಪಕ ನೆಲದಿಂದ 10 ಮೀಟರ್ ಎತ್ತರದಲ್ಲಿರಬೇಕು. ಹತ್ತಿರದ ಮರ, ಕಟ್ಟಡಗಳಿಂದ ಅವುಗಳ ಎತ್ತರದ ಹತ್ತು ಪಟ್ಟು ದೂರ ಇರಬೇಕು. 20 ಮೀಟರಿನ ತೆಂಗಿನ ಮರವಿದ್ದರೆ 200 ಮೀಟರ್ ಬಯಲು ಬೇಕು. ನಮ್ಮಲ್ಲಿ ಅಷ್ಟು ಬಯಲು ಸಿಗುವುದು ಕಡಲ ತೀರದಲ್ಲಿ, ಇಲ್ಲವೇ ಮುರಕಲ್ಲಿನ ಪದವುಗಳಲ್ಲಿ, ಎಂದರೆ ಬೋಳು ಗುಡ್ಡದ ಬಯಲುಗಳಲ್ಲಿ. ತೋಟದ ಮರೆಯಲ್ಲಿ ಅಂಕಿ ಕಡಿಮೆ ಬರುತ್ತದೆ. ತಾರಸಿಯ ಅಂಚಿನಲ್ಲಾದರೆ ಗೋಡೆಗೆ ಬಡಿದು ಮೇಲೇರುವ ಗಾಳಿ ಸುಳಿಯೆದ್ದು ಅಂಕಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ಅನುಗುಣವಾದ್ದರಿಂದ, ಮಾಪಕ ವೇಗವನ್ನು ಶೇ. 30 ಕಡಿಮೆ ತೋರಿಸಿದರೆ ಬಾಳೆಯನ್ನು ಬೀಳಿಸಿದ ಬಲದ ಅರ್ಧ ಮಾತ್ರ ದಾಖಲೆಗೆ ಬರುತ್ತದೆ.

ಸರಾಸರಿಯದ್ದು ಇನ್ನೊಂದು ಸಮಸ್ಯೆ. ಗೊನೆ ಹೊತ್ತ ನೇಂದ್ರ ಬಾಳೆ ಮುರಿಯಲು ಮೂರು ಸೆಕೆಂಡಿನ ಬೀಸು ಸಾಕು. ಗಂಟೆಯ ಸರಾಸರಿಯಲ್ಲಿ ಆ ಬೀಸು ಕರಗಿ ಹೋಗುತ್ತದೆ. ಗರಿಷ್ಠ ಬೀಸನ್ನೂ ಅದು ಬಂದ ಸಮಯವನ್ನೂ ಬೇರೆಯಾಗಿ ದಾಖಲಿಸದ ಕೇಂದ್ರದಿಂದ ಕೃಷಿಕನಿಗೆ ನ್ಯಾಯ ಸಿಗದು.

ನಿರ್ವಹಣೆಯೂ ಮುಖ್ಯ. ಉಪ್ಪುಗಾಳಿಗೆ ಬೇರಿಂಗ್ ಬೇಗ ಹಾಳಾಗುತ್ತದೆ. ಬಟ್ಟಲನ್ನು ಬೆರಳಿನಿಂದ ಮೆಲ್ಲ ತಿರುಗಿಸಿ ಬಿಟ್ಟರೆ ಅದು ನಿಧಾನವಾಗಿ ನಿಲ್ಲಬೇಕು. ಕರಕರ ಸದ್ದಾದರೆ, ತಟಕ್ಕನೆ ನಿಂತರೆ ಬೇರಿಂಗ್ ಹೋಯಿತೆಂದೇ ಲೆಕ್ಕ. ಅದಕ್ಕೆ ತೆಂಗಿನೆಣ್ಣೆಯನ್ನೋ ಗ್ರೀಸನ್ನೋ ಹಾಕಬಾರದು, ಧೂಳು ಕೂತು ಇನ್ನೂ ಬಿಗಿಯಾಗುತ್ತದೆ, ಬೇರಿಂಗನ್ನೇ ಬದಲಿಸಬೇಕು. ದಾಖಲೆಯಲ್ಲಿ ಸೊನ್ನೆ ವೇಗದ ಗಂಟೆಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೂ ಅನುಮಾನಿಸಬೇಕು, ಏಕೆಂದರೆ ಸವೆದ ಬೇರಿಂಗ್ ಮೊದಲು ಕಳೆದುಕೊಳ್ಳುವುದು ಮಂದ ಗಾಳಿಯನ್ನು.

ತಿರುಗುವ ಭಾಗವೇ ಇಲ್ಲದ ಶ್ರವಣಾತೀತ (ಕಿವಿಗೆ ಕೇಳಿಸದ) ಧ್ವನಿಯ ಮಾಪಕಗಳೂ ಇವೆ. 15 ಸೆಂಟಿಮೀಟರ್ ಅಂತರದಲ್ಲಿ ಶಬ್ದ ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ಇರುವ ವ್ಯತ್ಯಾಸವನ್ನು ಅವು ಅಳೆಯುತ್ತವೆ. ಸೆಕೆಂಡಿಗೆ 10 ಮೀಟರ್ ಗಾಳಿಗೆ ಆ ವ್ಯತ್ಯಾಸ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 26 ಪಾಲು. ಬೇರಿಂಗಿನ ಗೋಳಿಲ್ಲ, ಆದರೆ ಜೇಡರ ಬಲೆ, ಮಳೆಹನಿ ನಡುವೆ ಬಂದರೆ ಅಂಕಿ ಕೆಡುತ್ತದೆ. ಬೆಲೆಯೂ ಹೆಚ್ಚು.

ಆದ್ದರಿಂದ ಪ್ರತಿ ಕೇಂದ್ರದ ಜಾಗ, ಮಾಪಕದ ಎತ್ತರ, ಸುತ್ತಲಿನ ಮರಗಳ ದೂರ, ಕೊನೆಯ ಬಾರಿ ಪರೀಕ್ಷಿಸಿ ಸರಿಹೊಂದಿಸಿದ ದಿನಾಂಕ, ಇವಿಷ್ಟನ್ನು ಕೃಷಿ ಭವನಗಳಲ್ಲಿ ಕನ್ನಡದಲ್ಲೂ ಪ್ರಕಟಿಸಬೇಕೆಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇವೆ. ಮಾನದಂಡಕ್ಕೆ ಹೊಂದದ ಮಾಪಕಗಳನ್ನು ಮಳೆಗಾಲಕ್ಕೆ ಮೊದಲೇ ಬೇರೆಡೆಗೆ ಸ್ಥಳಾಂತರಿಸಬೇಕು.

– ಹವಾಮಾನ ಉಪಕರಣ ತಂತ್ರಜ್ಞರು, ಬದಿಯಡ್ಕ